ಗಾಲಿ ಇಳಿಯದ ಪುಟ್ಟ ವಿಮಾನ: ಒಳಗೆ ಕುಳಿತವರಿಗೂ ಗದ್ದೆಯಲ್ಲಿ ನಿಂತವರಿಗೂ ಒಂದು ಮಾರ್ಗದರ್ಶಿ

ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದ ಮೇಲೆ, ಶಿವಮೊಗ್ಗದ ಸುತ್ತಲಿನ ಹಳ್ಳಿಗಳಲ್ಲಿ ವಿಮಾನದ ಸದ್ದಿಗೆ ಅಂಗಳಕ್ಕೆ ಓಡಿಬಂದು ತಲೆಯೆತ್ತುವ ಕಾಲ ಹೆಚ್ಚುಕಡಿಮೆ ಮುಗಿದಿದೆ. ಆದರೆ ನಾಲ್ಕಾರು ಜನ ಕೂರುವ ಪುಟ್ಟ ವಿಮಾನವೊಂದು ಒಂದೇ ಬಯಲಿನ ಮೇಲೆ ಎರಡು ಮೂರು ಸಲ ಸುತ್ತು ಹಾಕಿ, ತಗ್ಗಿ ಬಂದು, ಇಳಿಯದೆ ಮತ್ತೆ ಮೇಲೇರಿ ಹೋದರೆ, ಅದರ ಹೊಟ್ಟೆಯಡಿ ಮೂರು ಗಾಲಿ ಕಾಣಬೇಕಾದಲ್ಲಿ ಎರಡೇ ಕಂಡರೆ, ಆಗ ತಲೆಯೆತ್ತಿ ನೋಡುವುದಷ್ಟೇ ಸಾಲದು. ಅಂಥ ಹೊತ್ತಿನಲ್ಲಿ ವಿಮಾನದ ಒಳಗೆ ಪೈಲಟ್ ಪಕ್ಕ ಕುಳಿತವರು ಏನು ಮಾಡಬೇಕು, ಕೆಳಗೆ ಗದ್ದೆಯಲ್ಲಿಯೋ ತೋಟದಲ್ಲಿಯೋ ಇರುವವರು ಏನು ಮಾಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಪೈಲಟ್ ಮಾಡುವ ಕೆಲಸವನ್ನೂ ವಿವರಿಸಿದ್ದೇನೆ. ಅದು ಪೈಲಟ್‌ಗೆ ಪಾಠ ಹೇಳಲೆಂದಲ್ಲ, ಅವರು ಏಕೆ ಹಾಗೆ ಮಾಡುತ್ತಿದ್ದಾರೆಂದು ಉಳಿದವರಿಗೆ ತಿಳಿದಿರಲಿ ಎಂದು. ವಿಮಾನ ಹಾರಿಸುವವರಿಗೆ ಅವರವರ ವಿಮಾನದ ಕೈಪಿಡಿಯೇ ಕೊನೆಯ ಮಾತು.

ಮೊದಲು ತಿಳಿಯಬೇಕಾದ ವ್ಯತ್ಯಾಸ

ಎಂಜಿನ್ ಕೆಡುವುದೂ ಗಾಲಿ ಕೆಡುವುದೂ ಒಂದೇ ಬಗೆಯ ಆಪತ್ತಲ್ಲ. ಎಂಜಿನ್ ನಿಂತ ಪುಟ್ಟ ವಿಮಾನಕ್ಕೆ ಜಾಗ ಹುಡುಕಲು ಕೆಲವೇ ನಿಮಿಷಗಳಿರುತ್ತವೆ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹತ್ತಿರ, ಹೊನ್ನಿಹಾಳದ ಹೊಲದಲ್ಲಿ ತರಬೇತಿ ವಿಮಾನವೊಂದು ತುರ್ತಾಗಿ ಇಳಿದದ್ದು ಆ ಬಗೆಯದು. ಗಾಲಿ ಇಳಿಯದ ವಿಮಾನದ ಕತೆ ಬೇರೆ. ಅದರ ಎಂಜಿನ್ ಸರಿಯಾಗಿ ಓಡುತ್ತಿರುತ್ತದೆ, ರೆಕ್ಕೆ ಎತ್ತಿ ಹಿಡಿಯುತ್ತಿರುತ್ತದೆ, ತೊಟ್ಟಿಯಲ್ಲಿ ಇಂಧನ ಇರುವವರೆಗೆ ಆಕಾಶದಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ. ಗಾಲಿ ಕೈಕೊಟ್ಟಿದ್ದರೂ ಸಮಯ ಕೈಯಲ್ಲೇ ಇದೆ. ಈ ಲೇಖನದ ಉಳಿದೆಲ್ಲ ಸೂಚನೆಗಳೂ ಆ ಸಮಯವನ್ನು ಹಾಳುಮಾಡದಿರುವುದು ಹೇಗೆ ಎಂಬುದರ ಸುತ್ತಲೇ ಇವೆ.

2024ರ ಮೇ 13ರಂದು ಆಸ್ಟ್ರೇಲಿಯದ ನ್ಯೂಕ್ಯಾಸಲ್‌ನಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. ಮೂವರಿದ್ದ ಬೀಚ್‌ಕ್ರಾಫ್ಟ್ ಕಿಂಗ್ ಏರ್ ಎಂಬ ಎರಡು ಎಂಜಿನ್‌ಗಳ ಪುಟ್ಟ ವಿಮಾನಕ್ಕೆ ಏರಿದ ಸ್ವಲ್ಪ ಹೊತ್ತಿಗೆ ಲ್ಯಾಂಡಿಂಗ್ ಗೇರ್, ಅಂದರೆ ಗಾಲಿಯ ವ್ಯವಸ್ಥೆ, ತೊಂದರೆ ಕೊಟ್ಟಿತು. ಪೈಲಟ್ ಸುಮಾರು 3 ಗಂಟೆ ಸುತ್ತು ಹಾಕಿ, ಇಂಧನ ಸುಟ್ಟು, ಅಗ್ನಿಶಾಮಕ ವಾಹನಗಳು ಸಾಲಾಗಿ ಸಿದ್ಧವಾದ ಮೇಲೆ, ಗಾಲಿಯಿಲ್ಲದೆಯೇ ರನ್‌ವೇ ಮೇಲೆ ಹೊಟ್ಟೆಯೂರಿ ಇಳಿಸಿದರು. ಮೂವರೂ ತಾವೇ ನಡೆದು ಹೊರಬಂದರು. ಅದೇ ವರ್ಷ ಅಕ್ಟೋಬರ್ 11ರಂದು ತಿರುಚಿರಾಪಳ್ಳಿಯ ಮೇಲೆ 141 ಜನರಿದ್ದ ದೊಡ್ಡ ವಿಮಾನವೊಂದು ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ನಡೆಯುವ) ವ್ಯವಸ್ಥೆಯ ದೋಷದಿಂದಾಗಿ ಎರಡು ಗಂಟೆಗೂ ಹೆಚ್ಚು ಕಾಲ ಸುತ್ತಿ ಸುರಕ್ಷಿತವಾಗಿ ಇಳಿದದ್ದನ್ನು ನಮ್ಮಲ್ಲಿ ಅನೇಕರು ಟಿ.ವಿ.ಯಲ್ಲಿ ಉಸಿರು ಬಿಗಿಹಿಡಿದು ನೋಡಿದ್ದರು. ಕೆಳಗಿನಿಂದ ನೋಡುವವರಿಗೆ ಆ ಸುತ್ತಾಟ ಭಯ ಹುಟ್ಟಿಸುತ್ತದೆ. ವಾಸ್ತವದಲ್ಲಿ ಅದು ಎಲ್ಲವೂ ಕ್ರಮದಲ್ಲಿ ನಡೆಯುತ್ತಿದೆ ಎಂಬುದರ ಗುರುತು.

ಹಾರುವ ಮೊದಲು: ಮೊಣಕಾಲೂರಿ ನೋಡುವ ಕೆಲಸ

ಪುಟ್ಟ ವಿಮಾನಗಳ ಗಾಲಿಗಳಲ್ಲಿ ಎರಡು ಬಗೆ. ತರಬೇತಿಗೆ ಹೆಚ್ಚಾಗಿ ಬಳಸುವ ಸೆಸ್ನಾ 152, ಸೆಸ್ನಾ 172ರಂಥವುಗಳಲ್ಲಿ ಗಾಲಿ ಸದಾ ಕೆಳಗೇ ಇರುತ್ತದೆ. ಅಲ್ಲಿ ಕೆಡುವುದೆಂದರೆ ಮುರಿಯುವುದು, ಬಾಗುವುದು ಅಥವಾ ಟೈರ್ ಒಡೆಯುವುದು. ಪೈಪರ್ ಆ್ಯರೋ, ಬೀಚ್‌ಕ್ರಾಫ್ಟ್ ಬೊನಾನ್ಜಾದಂಥವುಗಳಲ್ಲಿ ಗಾಲಿ ಹಾರಾಟದಲ್ಲಿ ಮಡಚಿಕೊಳ್ಳುತ್ತದೆ. ಅಲ್ಲಿ ಇಳಿಯದಿರುವುದು, ಅರ್ಧ ಇಳಿಯುವುದು, ಇಳಿದರೂ ಬಿಗಿಯಾಗದಿರುವುದು ಇವೆಲ್ಲ ಸೇರಿಕೊಳ್ಳುತ್ತವೆ.

ಸೆಸ್ನಾ 172ರ ಮುಂದೆ ಮೊಣಕಾಲೂರಿ ಕುಳಿತು ನೋಡಿದರೆ, ಮುಂಚಕ್ರದ ಮೇಲೆ ಹೊಳೆಯುವ ಉಕ್ಕಿನ ಕೊಳವೆಯೊಂದು ಕಾಣುತ್ತದೆ. ಒಳಗೆ ಎಣ್ಣೆಯೂ ಒತ್ತಡದ ಗಾಳಿಯೂ ತುಂಬಿದ ಸ್ಟ್ರಟ್ ಅದು. ಹೊಳೆಯುವ ಭಾಗ ಕೆಲವು ಬೆರಳಿನಷ್ಟಾದರೂ ಹೊರಗಿರಬೇಕು. ಪೂರ್ತಿ ಕುಸಿದು ಕುಳಿತಿದ್ದರೆ ಇಳಿಯುವಾಗಿನ ಏಟು ನೇರವಾಗಿ ವಿಮಾನದ ಒಡಲಿಗೆ ಹೋಗುತ್ತದೆ. ಕೊಳವೆಯ ಸುತ್ತ ಎಣ್ಣೆಯ ಪಸೆ ಇದೆಯೇ ಎಂದು ಬೆರಳಿನಿಂದ ಒರೆಸಿ ನೋಡಬೇಕು. ಅದರ ಹಿಂದೆಯೋ ಮುಂದೆಯೋ ಕತ್ತರಿಯಂತೆ ಮಡಚುವ ಎರಡು ತೋಳುಗಳಿರುತ್ತವೆ. ಅವುಗಳ ಬೋಲ್ಟು ಸಡಿಲವಾದರೆ ರನ್‌ವೇಯಲ್ಲಿ ಓಡುವಾಗ ಚಕ್ರ ತಳ್ಳುಗಾಡಿಯ ಮುಂದಿನ ಗಾಲಿಯ ಹಾಗೆ ಅತ್ತಿತ್ತ ಅದುರುತ್ತದೆ. ಆ ಅದುರು ತಡೆಯಲೆಂದೇ ಇರುವ ಶಿಮ್ಮಿ ಡ್ಯಾಂಪರ್ ಎಂಬ ಪುಟ್ಟ ಭಾಗವನ್ನು ಅವಸರದ ತಪಾಸಣೆಯಲ್ಲಿ ಬಿಟ್ಟುಬಿಡುವವರೇ ಹೆಚ್ಚು. ಹಿಂದಿನ ಎರಡು ಗಾಲಿಗಳ ಬಳಿ ನೆಲದ ಮೇಲೆ ಕೆಂಪು ಹನಿ ಕಂಡರೆ ಅದು ಬ್ರೇಕಿನ ಎಣ್ಣೆ. ಈ ವಿಮಾನಗಳ ಹೈಡ್ರಾಲಿಕ್ ಎಣ್ಣೆಗೆ ಕೆಂಪು ಬಣ್ಣ ಹಾಕಿರುವುದೇ ಸೋರಿದ್ದು ಕಣ್ಣಿಗೆ ಬೀಳಲೆಂದು.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಮಡಚುವ ಗಾಲಿ ಪೂರ್ತಿ ಇಳಿಯಿತೇ ಎಂಬುದನ್ನು ಪೈಲಟ್‌ಗೆ ತಿಳಿಸುವುದು ಗಾಲಿಯ ಬುಡದಲ್ಲಿರುವ ಸಣ್ಣ ಸ್ವಿಚ್ಚುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿಯಿಡೀ ಬಯಲಲ್ಲಿ ನೆನೆದ ವಿಮಾನದಲ್ಲಿ ಈ ಸ್ವಿಚ್ಚುಗಳಿಗೆ ನೀರೋ ಕೆಸರೋ ಸೇರಿದರೆ, ಗಾಲಿ ಸರಿಯಾಗಿದ್ದರೂ ದೀಪ ಸುಳ್ಳು ಹೇಳಬಹುದು. ಗಾಲಿಯ ಮೇಲಿನ ಮುಸುಕಿನೊಳಗೆ ಒಣಗಿ ಕೂತ ಕೆಮ್ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆಯುವುದು ಗೌರವಕ್ಕೆ ಕುಂದಾಗುವ ಕೆಲಸವೇನೂ ಅಲ್ಲ.

ಇಳಿಯುವ ರೀತಿಯೂ ಗಾಲಿಯ ಆಯುಸ್ಸನ್ನು ನಿರ್ಧರಿಸುತ್ತದೆ. ಕಲಿಯುವವರ ಕೈಯಲ್ಲಿ ವಿಮಾನ ನೆಲಕ್ಕೆ ಬಡಿದು ಪುಟಿದಾಗ, ಹೆದರಿ ಮೂತಿಯನ್ನು ಕೆಳಕ್ಕೆ ಒತ್ತುವುದರಿಂದ ಮುಂಚಕ್ರ ಮೊದಲು ನೆಲ ಮುಟ್ಟಿ ಮತ್ತಷ್ಟು ಪುಟಿಯುತ್ತದೆ. ಮೂರನೆಯ ಪುಟಿತದ ಹೊತ್ತಿಗೆ ಸ್ಟ್ರಟ್ ಮುರಿದಿರುತ್ತದೆ. ಪುಟಿದ ಕೂಡಲೇ ಪೂರ್ಣ ಶಕ್ತಿ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಬಂದು ಇಳಿಯುವುದೇ ಸರಿಯಾದ ದಾರಿ. ಇನ್ನು ಗಾಲಿ ಕೆಳಗಿಳಿಸಲು ಮರೆತೇ ಇಳಿಯುವವರೂ ಇದ್ದಾರೆ. ಎಂಜಿನ್ ಶಕ್ತಿ ತಗ್ಗಿಸಿದಾಗ ಎಚ್ಚರಿಕೆಯ ಹಾರ್ನ್ ಕೂಗುತ್ತಲೇ ಇದ್ದರೂ ಅದು ಕಿವಿಗೆ ಬೀಳದೆ ಹೋಗುವಷ್ಟು ಮನಸ್ಸು ಬೇರೆಲ್ಲೋ ಇರುತ್ತದೆ. ನಕ್ಕುಬಿಡುವುದು ಸುಲಭ, ಆದರೆ ಸಾವಿರಾರು ಗಂಟೆ ಹಾರಿದವರೂ ಈ ತಪ್ಪು ಮಾಡಿದ್ದಾರೆ.

ಆಕಾಶದಲ್ಲಿ: ಪೈಲಟ್ ಮಾಡುವುದು, ಪಕ್ಕದವರು ತಿಳಿದಿರಬೇಕಾದದ್ದು

ಗಾಲಿ ಇಳಿದಾಗ ಫಲಕದ ಮೇಲೆ ಮೂರು ಹಸಿರು ದೀಪ ಹೊತ್ತಿಕೊಳ್ಳಬೇಕು. ಒಂದು ಹೊತ್ತಲಿಲ್ಲವೆಂದರೆ ಇಳಿಯುವ ಪ್ರಯತ್ನ ಬಿಟ್ಟು, ಮೊದಲು ಸುರಕ್ಷಿತ ಎತ್ತರಕ್ಕೆ ಏರಬೇಕು. ಸೋಗಾನೆಯ ಸುತ್ತ ಎಲ್ಲ ದಿಕ್ಕೂ ಒಂದೇ ಅಲ್ಲ: ಪಶ್ಚಿಮಕ್ಕೆ ಹೋದಷ್ಟೂ ಘಟ್ಟದ ಕಾಡು ಮತ್ತು ಮೋಡ, ದಕ್ಷಿಣಕ್ಕೆ ಬಾಬಾಬುಡನ್ ಗಿರಿಶ್ರೇಣಿ, ಉತ್ತರಕ್ಕೆ ಹೊನ್ನಾಳಿಯ ಕಡೆ ನೆಲ ಬಯಲಾಗುತ್ತ ಹೋಗುತ್ತದೆ. ಕೆಳಗೆ ನೆಲ ಕಾಣುವ, ಗುಡ್ಡ ಅಡ್ಡ ಬಾರದ ಕಡೆ ಸುತ್ತು ಹಾಕುತ್ತ ದೋಷ ಹುಡುಕುವುದು ವಿವೇಕ.

ಇಲ್ಲಿ ಒಂದು ಹಳೆಯ ದುರಂತವನ್ನು ನೆನೆಯದೆ ಮುಂದೆ ಹೋಗಲಾಗದು. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ಬಳಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನದಲ್ಲಿ ಮುಂಚಕ್ರದ ಹಸಿರು ದೀಪ ಹೊತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲರ ಗಮನ ಆ ಪುಟ್ಟ ಬಲ್ಬಿನ ಮೇಲೆ ನೆಟ್ಟಿದ್ದಾಗ ವಿಮಾನ ಯಾರಿಗೂ ತಿಳಿಯದಂತೆ ನಿಧಾನವಾಗಿ ಕೆಳಗಿಳಿದು ಜೌಗಿಗೆ ಅಪ್ಪಳಿಸಿತು. 101 ಜನ ಸತ್ತರು. ಮುಂಚಕ್ರ ಸರಿಯಾಗಿಯೇ ಇಳಿದಿತ್ತು, ಕೆಟ್ಟಿದ್ದು ಬಲ್ಬು ಮಾತ್ರ. ಅದು ದೊಡ್ಡ ವಿಮಾನ, ಒಳಗಿದ್ದವರು ನುರಿತವರು. ಪುಟ್ಟ ವಿಮಾನದಲ್ಲಿ ಒಬ್ಬರೇ ಪೈಲಟ್ ಇರುವಾಗ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಪಕ್ಕದಲ್ಲಿ ಕುಳಿತವರು ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ, ಪೈಲಟ್ ಕೇಳಿದರೆ ಕೈಪಿಡಿಯ ಪುಟ ತೆರೆದು ಹಂತಗಳನ್ನು ಗಟ್ಟಿಯಾಗಿ ಓದುವುದು, ಎತ್ತರದ ಮುಳ್ಳು ಇಳಿಯುತ್ತಿದ್ದರೆ ಹೇಳುವುದು, ಮಿಕ್ಕ ಹೊತ್ತು ಮಾತಾಡಿಸದಿರುವುದು.

ದೋಷ ಹುಡುಕುವ ಕ್ರಮ ಸರಳದಿಂದ ಕಠಿಣಕ್ಕೆ ಹೋಗುತ್ತದೆ. ಹೊತ್ತದ ದೀಪದ ಬಲ್ಬನ್ನು ಹೊತ್ತಿರುವ ದೀಪದ ಬಲ್ಬಿನೊಂದಿಗೆ ಅದಲುಬದಲು ಮಾಡಿ ನೋಡುವುದು ಮೊದಲನೆಯದು. ಪೈಪರ್ ಆ್ಯರೋದಂಥ ಕೆಲವು ವಿಮಾನಗಳಲ್ಲಿ ರಾತ್ರಿಯ ದೀಪಗಳ ಸ್ವಿಚ್ ಹಾಕಿದ್ದರೆ ಗಾಲಿಯ ಹಸಿರು ದೀಪಗಳು ತಾವಾಗಿಯೇ ಮಂಕಾಗುತ್ತವೆ, ಹಗಲಿನ ಬೆಳಕಿನಲ್ಲಿ ಹೊತ್ತಿಯೇ ಇಲ್ಲವೆಂಬಂತೆ ತೋರುತ್ತವೆ. ಆ ಸ್ವಿಚ್ ಆರಿಸಿದೊಡನೆ ಮೂರೂ ದೀಪ ನಗುತ್ತ ಕಾಣಿಸಿಕೊಂಡ ಸಂದರ್ಭಗಳು ಬೇಕಾದಷ್ಟಿವೆ. ನಂತರ ವಿದ್ಯುತ್ ಹೆಚ್ಚಾದಾಗ ತಾನಾಗಿ ಕಡಿಯುವ ಸರ್ಕ್ಯೂಟ್ ಬ್ರೇಕರ್ ಹೊರಗೆ ಹಾರಿದೆಯೇ ಎಂದು ನೋಡಬೇಕು. ಇದು ಕ್ಷುಲ್ಲಕವೆನ್ನಿಸಬಹುದು, ಆದರೆ 2011ರ ನವೆಂಬರ್ 1ರಂದು ಪೋಲೆಂಡ್‌ನ ವಾರ್ಸಾದಲ್ಲಿ 231 ಜನರಿದ್ದ ಬೋಯಿಂಗ್ 767 ಗಾಲಿಯಿಲ್ಲದೆ ಇಳಿದಾಗ, ಹೈಡ್ರಾಲಿಕ್ ಎಣ್ಣೆ ಸೋರಿಹೋಗಿದ್ದುದರ ಜೊತೆಗೆ, ಬದಲಿ ವ್ಯವಸ್ಥೆಗೆ ವಿದ್ಯುತ್ ಕೊಡುವ ಒಂದು ಬ್ರೇಕರ್ ಹೊರಬಂದಿದ್ದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದೃಷ್ಟವಶಾತ್ ಒಬ್ಬರಿಗೂ ಜೀವಹಾನಿಯಾಗಲಿಲ್ಲ.

ಅಷ್ಟಕ್ಕೂ ಆಗದಿದ್ದರೆ ತುರ್ತು ಇಳಿಕೆಯ ವ್ಯವಸ್ಥೆ ಇದೆ. ಆ್ಯರೋದಲ್ಲಿ ಗಾಲಿಯನ್ನು ಮೇಲೆ ಹಿಡಿದಿರುವುದೇ ಹೈಡ್ರಾಲಿಕ್ ಒತ್ತಡ. ತುರ್ತು ಹಿಡಿಕೆಯಿಂದ ಒತ್ತಡ ಬಿಟ್ಟರೆ ಗಾಲಿ ತನ್ನ ಭಾರಕ್ಕೇ ಬೀಳುತ್ತದೆ. ಬೊನಾನ್ಜಾದಲ್ಲಿ ಸುಮಾರು 50 ಸುತ್ತು ಕೈಯಿಂದ ತಿರುಗಿಸಬೇಕು. ಬಾವಿಯ ರಾಟೆ ಎಳೆದು ಅಭ್ಯಾಸವಿದ್ದವರಿಗೂ ತೋಳು ಸೋಲುವ ಕೆಲಸ. ಪ್ರತಿ ವಿಮಾನಕ್ಕೂ ಇದನ್ನು ಮಾಡಬೇಕಾದ ವೇಗದ ಮಿತಿ ಬೇರೆ ಇದೆ, ಅದನ್ನು ಮೀರಬಾರದು.

ಮುಂದಿನದು ನಿಲ್ದಾಣದ ನಿಯಂತ್ರಣ ಟವರಿನ ಹತ್ತಿರ ತಗ್ಗಿ ಹಾರಿ ನೋಡಿಸಿಕೊಳ್ಳುವುದು. ದುರ್ಬೀನಿನಿಂದ ನೋಡಿದವರು ಹೇಳಬಲ್ಲದ್ದು ಗಾಲಿ ಇಳಿದಂತೆ ಕಾಣುತ್ತಿದೆ ಎಂದಷ್ಟೇ. ಬಿಗಿಯಾಗಿ ಕೂತಿದೆಯೇ ಎಂಬುದು ಕೆಳಗಿನಿಂದ ಯಾರಿಗೂ ತಿಳಿಯದು. ಇದನ್ನು ಪೈಲಟ್‌ಗಿಂತ ಹೆಚ್ಚಾಗಿ ಒಳಗೆ ಕುಳಿತವರು ನೆನಪಿಡಬೇಕು, ಏಕೆಂದರೆ "ಗಾಲಿ ಕಾಣಿಸ್ತಿದೆಯಂತೆ, ಇಳಿಸಿಬಿಡಿ ಸರ್" ಎಂಬ ಒತ್ತಾಯ ಹಿಂದಿನ ಸೀಟಿನಿಂದಲೇ ಹೊರಡುತ್ತದೆ. ಅಷ್ಟರಲ್ಲಿ ಪೈಲಟ್ ರೇಡಿಯೋದಲ್ಲಿ ತುರ್ತುಸ್ಥಿತಿ ಘೋಷಿಸಿ, ವಿಮಾನದ ಗುರುತನ್ನು ರೇಡಾರಿಗೆ ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ಆಪತ್ತನ್ನು ಸೂಚಿಸುವ 7700 ಎಂಬ ಸಂಖ್ಯೆ ಹಾಕಿರುತ್ತಾರೆ. ಪುಟ್ಟ ವಿಮಾನಗಳಲ್ಲಿ ಇಂಧನವನ್ನು ಆಕಾಶದಲ್ಲೇ ಚೆಲ್ಲುವ ಏರ್ಪಾಡು ಇರುವುದಿಲ್ಲ, ಸುಟ್ಟೇ ಖಾಲಿ ಮಾಡಬೇಕು. ಸುತ್ತಾಟ ಅದಕ್ಕಾಗಿ.

ಎಲ್ಲಿ ಇಳಿಯುವುದು ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟ: ಸಾಧ್ಯವಿದ್ದರೆ ರನ್‌ವೇಯಲ್ಲೇ. ಮೆತ್ತಗಿನ ಗದ್ದೆಯಲ್ಲಿ ಇಳಿದರೆ ಪೆಟ್ಟು ಕಡಿಮೆ ಎಂದು ಭಾವಿಸುವವರಿದ್ದಾರೆ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಟ್ರ್ಯಾಕ್ಟರಿನ ಮುಂದಿನ ಗಾಲಿ ಹೂತುಕೊಂಡದ್ದನ್ನು ಕಂಡವರಿಗೆ ಈ ಭ್ರಮೆ ಇರಲಾರದು. ಮುರಿದ ಗಾಲಿಯ ಕಡ್ಡಿಯೋ ವಿಮಾನದ ಮೂತಿಯೋ ಕೆಸರಿಗೆ ನೆಟ್ಟುಕೊಂಡರೆ ವಿಮಾನ ಪಲ್ಟಿ ಹೊಡೆಯುತ್ತದೆ. ಅದು ತಪ್ಪಿದರೆ ಮುಂದಿನ ಬದು ಕಾದಿರುತ್ತದೆ. ಗಟ್ಟಿ ನೆಲದ ಮೇಲೆ ವಿಮಾನ ಜಾರುತ್ತದೆ, ಜಾರುತ್ತ ವೇಗ ಕಳೆದುಕೊಳ್ಳುತ್ತದೆ. ಸೆಸ್ನಾ 172ರಂಥದ್ದಕ್ಕೆ ನಿಲ್ಲಲು ಕೆಲವೇ ನೂರು ಮೀಟರ್ ಸಾಕಾಗುವಾಗ ಸೋಗಾನೆಯ 3,200 ಮೀಟರ್ ರನ್‌ವೇ ಧಾರಾಳ. ವಿಮಾನ ನಿಲ್ದಾಣಗಳ ಅಗ್ನಿಶಾಮಕ ದಳ ರನ್‌ವೇಯ ಯಾವುದೇ ಮೂಲೆಗೆ 3 ನಿಮಿಷದೊಳಗೆ ತಲುಪಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಯಾರದೋ ತೋಟದ ಅಗಳದಾಚೆ ಬಿದ್ದರೆ ಆ ಲೆಕ್ಕವೇ ಇಲ್ಲ.

ಒಂದು ಬದಿಯ ಗಾಲಿ ಮಾತ್ರ ಇಳಿಯದಿದ್ದರೆ, ಇಳಿದಿರುವ ಗಾಲಿಯ ಕಡೆಯ ರನ್‌ವೇ ಅಂಚಿಗೆ ಸರಿದು ಇಳಿಯುತ್ತಾರೆ, ಏಕೆಂದರೆ ವೇಗ ತಗ್ಗಿದಾಗ ಗಾಲಿಯಿಲ್ಲದ ಕಡೆಯ ರೆಕ್ಕೆ ನೆಲಕ್ಕೆ ತಾಗಿ ವಿಮಾನ ಆ ಕಡೆಗೇ ತಿರುಗುತ್ತದೆ. ಮುಂಚಕ್ರ ಇಲ್ಲದಿದ್ದರೆ ಆದಷ್ಟು ಹೊತ್ತು ಮೂತಿಯನ್ನು ಎತ್ತಿ ಹಿಡಿಯುತ್ತಾರೆ. ಒಂದೇ ಬದಿಯ ಗಾಲಿಗಿಂತ ಮೂರನ್ನೂ ಮೇಲಕ್ಕೆಳೆದು ಹೊಟ್ಟೆಯೂರುವುದೇ ಅನೇಕ ವಿಮಾನಗಳಲ್ಲಿ ಲೇಸು; ಅದನ್ನು ಆಯಾ ಕೈಪಿಡಿ ಹೇಳುತ್ತದೆ. ಇಲ್ಲಿ ಒಂದು ದುರಾಸೆಯ ಬಗ್ಗೆ ಹೇಳಲೇಬೇಕು: ಪ್ರೊಪೆಲರ್ ನೆಲಕ್ಕೆ ಬಡಿದರೆ ಎಂಜಿನ್ನನ್ನೇ ಬಿಚ್ಚಿ ನೋಡಬೇಕಾಗುತ್ತದೆಂದು, ಅದನ್ನು ಉಳಿಸಲು ಆಕಾಶದಲ್ಲೇ ಎಂಜಿನ್ ಆರಿಸಿ ತೇಲಿ ಇಳಿಯುವ ಪ್ರಯತ್ನ. ಲೋಹ ಉಳಿಸಲು ಹೋಗಿ ಜೀವವನ್ನು ಪಣಕ್ಕಿಡುವ ಲೆಕ್ಕಾಚಾರ ಅದು; ರನ್‌ವೇ ಮುಟ್ಟುವುದು ಖಚಿತವಾದ ಮೇಲಷ್ಟೇ ಎಂಜಿನ್, ಇಂಧನ, ವಿದ್ಯುತ್ ಈ ಮೂರನ್ನೂ ಆರಿಸಬೇಕು.

ಪ್ರಯಾಣಿಕರು ಮಾಡಬೇಕಾದದ್ದು

ಸುತ್ತಾಟದ ಹೊತ್ತು ಸಿದ್ಧತೆಗೆ ಸಿಕ್ಕ ಹೊತ್ತು. ಜೇಬಿನ ಪೆನ್ನು, ಬೀಗದ ಕೈ, ಕೊರಳಿನ ದಪ್ಪ ಸರ, ಕನ್ನಡಕ ತೆಗೆದಿಡಿ. ಬ್ಯಾಗು, ನೀರಿನ ಬಾಟಲಿ, ಮನೆಗೆಂದು ಕಟ್ಟಿಸಿಕೊಂಡ ಅಡಿಕೆಯ ಪೊಟ್ಟಣ ಯಾವುದೂ ಮಡಿಲಲ್ಲಿರಬಾರದು. ಗಂಟೆಗೆ 110-120 ಕಿ.ಮೀ. ವೇಗದಲ್ಲಿ ನೆಲ ತಾಗುವಾಗ ಅವೇ ಕಲ್ಲಾಗುತ್ತವೆ. ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಬರುವಂತೆ ಬಿಗಿಯಿರಿ, ಭುಜದ ಪಟ್ಟಿಯನ್ನು ಮರೆಯಬೇಡಿ. ಸ್ವೆಟರೋ ಶಾಲೋ ಇದ್ದರೆ ಮಡಚಿ ಮುಖಕ್ಕೂ ಫಲಕಕ್ಕೂ ನಡುವೆ ಹಿಡಿಯಿರಿ. ಬಾಗಿಲಿನ ಹಿಡಿಕೆ ಯಾವ ಕಡೆ ತಿರುಗುತ್ತದೆಂದು ಮುಂಚೆಯೇ ಕೈಯಿಟ್ಟು ನೋಡಿಕೊಳ್ಳಿ. ಪೈಪರ್ ಆ್ಯರೋದಂಥ ವಿಮಾನದಲ್ಲಿ ಒಂದೇ ಬಾಗಿಲು, ಅದೂ ಬಲಗಡೆ, ಆದ್ದರಿಂದ ಬಾಗಿಲ ಬದಿಯವರು ಮೊದಲು ಇಳಿಯದೆ ಪೈಲಟ್ ಇಳಿಯಲಾಗದು. ಒಡಲು ಬಾಗಿ ಬಾಗಿಲು ಸಿಕ್ಕಿಕೊಳ್ಳದಿರಲೆಂದು ನೆಲ ಮುಟ್ಟುವ ಮುನ್ನ ಅದನ್ನು ಸ್ವಲ್ಪ ತೆರೆದಿಡಲು ಪೈಲಟ್ ಹೇಳಬಹುದು. ಹೇಳಿದಾಗ ಮಾತ್ರ ತೆರೆಯಿರಿ.

ವಿಮಾನ ಪೂರ್ತಿ ನಿಂತು, ಪ್ರೊಪೆಲರ್ ನಿಂತ ಮೇಲೆ ಇಳಿದು, ಹಿಂಬದಿಯಿಂದ, ಗಾಳಿಗೆ ಎದುರಾಗಿ ನೂರು ಮೀಟರಿನಷ್ಟು ದೂರ ನಡೆಯಿರಿ. ಬ್ಯಾಗಿಗಾಗಿ ಹಿಂದಿರುಗಬೇಡಿ. ಪಲ್ಟಿಯಾಗಿ ತಲೆಕೆಳಗೆ ತೂಗುತ್ತಿದ್ದರೆ ಅವಸರದಲ್ಲಿ ಪಟ್ಟಿ ಬಿಚ್ಚಬಾರದು. ಒಂದು ಕೈಯನ್ನು ಈಗ ನೆಲವಾಗಿರುವ ಚಾವಣಿಗೆ ಊರಿ, ಕಾಲನ್ನು ಎಲ್ಲಿಯಾದರೂ ಒತ್ತಿಕೊಂಡು, ಆಮೇಲೆ ಇನ್ನೊಂದು ಕೈಯಿಂದ ಬಿಚ್ಚಬೇಕು. ಅಪಘಾತದಲ್ಲಿ ಏನೂ ಆಗದವರು ಪಟ್ಟಿ ಬಿಚ್ಚಿ ಕತ್ತಿನ ಮೇಲೆ ಬಿದ್ದು ಗಾಯ ಮಾಡಿಕೊಳ್ಳುವುದುಂಟು.

ಗದ್ದೆಯಲ್ಲಿ ಬಿದ್ದರೆ: ಓಡಿ ಬರುವವರಿಗೆ

ರನ್‌ವೇ ತಲುಪಲಾಗದೆ ವಿಮಾನ ಹೊಲಕ್ಕೋ ತೋಟಕ್ಕೋ ಬಂದರೆ ಮೊದಲು ತಲುಪುವವರು ನಮ್ಮೂರಿನವರೇ. ಒಬ್ಬರು ಓಡಲಿ, ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಕರೆಯಲ್ಲಿ ಊರು, ತಾಲ್ಲೂಕು, ಹತ್ತಿರದ ಶಾಲೆಯೋ ದೇವಸ್ಥಾನವೋ, ಎಷ್ಟು ಜನ ಕಾಣುತ್ತಿದ್ದಾರೆ, ಹೊಗೆಯಿದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ದೊಡ್ಡ ವಾಹನ ಯಾವ ದಾರಿಯಿಂದ ಬರಬಹುದು ಎಂಬುದನ್ನು ಹೇಳಬೇಕು. ಒಂಟಿ ಮನೆಗಳ ನಮ್ಮ ಸೀಮೆಯಲ್ಲಿ ಮ್ಯಾಪು ತೋರಿಸುವ ರಸ್ತೆ ಯಾರದೋ ಉಣಗೋಲಿನ ಮುಂದೆ ಮುಗಿಯುತ್ತದೆ, ಕಾಲುವೆಯ ಸಂಕ ಜೀಪಿಗೆ ಸರಿ, ಅಗ್ನಿಶಾಮಕ ಲಾರಿಗೆ ಸಾಲದು. ಒಬ್ಬರನ್ನು ಬೈಕಿನಲ್ಲಿ ಮುಖ್ಯರಸ್ತೆಗೆ ಕಳಿಸಿ ನಿಲ್ಲಿಸುವುದರಿಂದ ಎಷ್ಟೋ ನಿಮಿಷ ಉಳಿಯುತ್ತದೆ. ನೆಟ್‌ವರ್ಕ್ ಸಿಗದಿದ್ದರೆ ಗುಡ್ಡದ ನೆತ್ತಿಗೆ ಓಡುವವರು ಯಾರೆಂದು ಅಲ್ಲೇ ತೀರ್ಮಾನವಾಗಲಿ. ಆಂಬುಲೆನ್ಸಿಗೆ 108 ಇದೆ. ವಿಮಾನ ವಿದ್ಯುತ್ ತಂತಿಗೆ ತಾಗಿದ್ದರೆ 1912ಕ್ಕೆ ಕರೆ ಮಾಡಿ ಲೈನ್ ತೆಗೆಸುವವರೆಗೆ ಯಾರೂ ಹತ್ತಿರ ಹೋಗಬಾರದು. ಒದ್ದೆ ಗದ್ದೆಯಲ್ಲಿ ಕರೆಂಟ್ ಎಷ್ಟು ದೂರ ಹರಿಯುತ್ತದೆಂದು ಇಲ್ಲಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಹತ್ತಿರ ಹೋಗುವಾಗ ದಿಕ್ಕು ನೋಡಬೇಕು. ಮುಂಭಾಗದಿಂದ ಹೋಗಲೇಬೇಡಿ, ನಿಂತ ಪ್ರೊಪೆಲರ್ ಕೂಡ ಕೈ ತಾಗಿದರೆ ಒಮ್ಮೆಲೇ ತಿರುಗಬಹುದು. ಗಾಳಿಗೆ ಬೆನ್ನು ಕೊಟ್ಟು, ಅಂದರೆ ಗಾಳಿ ನಿಮ್ಮ ಕಡೆಯಿಂದ ವಿಮಾನದ ಕಡೆಗೆ ಬೀಸುವಂತೆ, ಹಿಂಬದಿಯಿಂದ ಹೋಗಬೇಕು. ಮೆಟ್ಟಿಲು ಗದ್ದೆಗಳಲ್ಲಿ ಇನ್ನೊಂದು ಲೆಕ್ಕವಿದೆ: ರೆಕ್ಕೆಯ ತೊಟ್ಟಿಯಿಂದ ಸೋರಿದ ಇಂಧನ ನೀರಿನಂತೆಯೇ ಕೆಳಗಿನ ಮಡಿಗೆ ಹರಿಯುತ್ತದೆ, ಆದ್ದರಿಂದ ಮೇಲಿನ ಗದ್ದೆಯ ಕಡೆಯಿಂದ ಇಳಿದು ಹೋಗುವುದು ಕ್ಷೇಮ. ಸೆಸ್ನಾ 172ರ ತೊಟ್ಟಿಗಳು ತುಂಬಿದ್ದರೆ ಸುಮಾರು 200 ಲೀಟರ್ ಇರುತ್ತದೆ. ಎಂಜಿನ್ ಯಾವ ಬಗೆಯದು ಎಂಬುದರ ಮೇಲೆ ಅದು ತಿಳಿನೀಲಿ ಬಣ್ಣದ, ಪೆಟ್ರೋಲಿನಂತೆಯೇ ಭಗ್ಗನೆ ಹತ್ತಿಕೊಳ್ಳುವ ಏವಿಯೇಷನ್ ಗ್ಯಾಸೋಲಿನ್ ಆಗಿರಬಹುದು. ಬೀಡಿ ಸಿಗರೇಟು ದೂರವಿಡುವುದು ಎಲ್ಲರಿಗೂ ಹೊಳೆಯುತ್ತದೆ. ಟಿಲ್ಲರೋ ಬೈಕೋ ಹತ್ತಿರ ತಂದು ನಿಲ್ಲಿಸಬಾರದೆಂಬುದು ಹೊಳೆಯುವುದಿಲ್ಲ. "ಅಣ್ಣಾ, ಎಣ್ಣೆ ಚೆಲ್ಲಿದೆ, ಗಾಡಿ ಆಫ್ ಮಾಡಿ ಅಲ್ಲೇ ಬಿಟ್ಟು ಬನ್ನಿ" ಎಂದು ದಾರಿಯ ತಿರುವಿನಲ್ಲೇ ನಿಂತು ಹೇಳಲು ಗಟ್ಟಿ ದನಿಯ ಒಬ್ಬರು ಬೇಕು.

ಬೆಂಕಿ ಹೊತ್ತಿದರೆ ಕೊಡದಿಂದ ನೀರು ಎರಚಬೇಡಿ. ಇಂಧನ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ಶಾಲಾ ಬಸ್ಸಿನಲ್ಲೋ ಅಕ್ಕಿ ಗಿರಣಿಯಲ್ಲೋ ಇರುವ ಪುಡಿಯ ಅಗ್ನಿಶಾಮಕ ಸಿಲಿಂಡರ್, ಒಣ ಮಣ್ಣು, ಮರಳು ಕೆಲಸಕ್ಕೆ ಬರುತ್ತವೆ. ಸಿರಸ್ ಎಂಬ ತಯಾರಿಕೆಯ ಪುಟ್ಟ ವಿಮಾನಗಳಲ್ಲಿ ಇಡೀ ವಿಮಾನವನ್ನೇ ಹೊರುವ ಪ್ಯಾರಾಚೂಟ್ ಇದ್ದು, ಅದನ್ನು ಹಾರಿಸಲು ಒಂದು ರಾಕೆಟ್ ಇರುತ್ತದೆ. ಅದು ಹಾರದೆ ಉಳಿದಿದ್ದರೆ ಹಿಂಭಾಗದ ಕಿಟಕಿಯ ಹಿಂದಿನ ಜಾಗದಲ್ಲಿ ಲೋಹ ಕತ್ತರಿಸುವುದು, ಎಳೆದಾಡುವುದು ಬಹಳ ಅಪಾಯ. ರಾಕೆಟ್ಟಿನ ಎಚ್ಚರಿಕೆಯ ಬರಹ ಕಂಡರೆ ಆ ಕಡೆ ಸುಳಿಯಬಾರದು.

ಬೆಂಕಿಯಿಲ್ಲ, ಇಂಧನ ಸೋರುತ್ತಿಲ್ಲ, ಗಾಯಾಳು ಉಸಿರಾಡುತ್ತಿದ್ದಾರೆ ಎಂದಾದರೆ ಎಳೆದು ಹೊರತೆಗೆಯುವ ಆತುರ ಬೇಡ. ಹೊಟ್ಟೆಯೂರಿ ಬಿದ್ದ ವಿಮಾನದಲ್ಲಿ ಏಟು ಕೆಳಗಿನಿಂದ ಮೇಲಕ್ಕೆ, ಸೀಟಿನ ಮೂಲಕ ನೇರ ಬೆನ್ನುಹುರಿಗೆ ಬಿದ್ದಿರುತ್ತದೆ. ತಲೆಯನ್ನು ಎರಡು ಕೈಗಳಿಂದ ಅಲುಗದಂತೆ ಹಿಡಿದು, ಮಾತಾಡಿಸುತ್ತ, ರಕ್ತ ಸೋರುವಲ್ಲಿ ಬಟ್ಟೆ ಒತ್ತಿ ಹಿಡಿದು ಕಾಯುವುದು ಎತ್ತಿ ಓಡುವುದಕ್ಕಿಂತ ಕಷ್ಟದ, ಆದರೆ ದೊಡ್ಡ ಕೆಲಸ. ಬೆಂಕಿಯ ಸೂಚನೆ ಕಂಡರೆ ಮಾತ್ರ ಬೆನ್ನಿನ ಚಿಂತೆ ಬಿಟ್ಟು, ತೋಳಿನಡಿ ಕೈ ಹಾಕಿ ಹಿಂದಕ್ಕೆ ಎಳೆಯಬೇಕು. ಕುಡಿಯಲು ನೀರು, ಕಾಫಿ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು.

ವಿಮಾನದಲ್ಲಿ ತಾನಾಗಿಯೇ ಸಂಕೇತ ಹೊರಡಿಸುವ ಇಎಲ್‌ಟಿ ಎಂಬ ಪೆಟ್ಟಿಗೆ ಇರುತ್ತದೆ. ಅದು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳಿಗೆ ಕಳಿಸುವ ಕರೆಯನ್ನು ಭಾರತದಲ್ಲಿ ಪಡೆಯುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ, ಇಸ್ರೊ ಬಳಿ ಇದೆ. ಮಿನುಗುವ ದೀಪ ಕಂಡು ಯಾರಾದರೂ ಅದನ್ನು ಆರಿಸಲು ಹೋದರೆ ತಡೆಯಿರಿ.

ಜನರು ಹೊರಬಂದ ಮೇಲೆ

ಇಲ್ಲಿಂದ ಮುಂದೆ ಮಾಡದಿರುವುದೇ ಕೆಲಸ. ವಿಮಾನ ಅಪಘಾತಗಳ ತನಿಖೆಗಾಗಿ ಕೇಂದ್ರ ಸರ್ಕಾರ 2012ರಲ್ಲಿ ಸ್ಥಾಪಿಸಿದ ಎಎಐಬಿ ಎಂಬ ಸಂಸ್ಥೆ ಇದೆ. ತಪ್ಪಿತಸ್ಥರನ್ನು ಹಿಡಿಯುವುದಲ್ಲ, ಇಂಥದ್ದು ಮತ್ತೆ ಆಗದಂತೆ ಕಾರಣ ಹುಡುಕುವುದು ಅದರ ಉದ್ದೇಶ. ಜನ, ಜಾನುವಾರು ರಕ್ಷಣೆ ಮತ್ತು ಬೆಂಕಿ ತಡೆಯಂಥ ಅನಿವಾರ್ಯ ಕಾರಣಗಳನ್ನು ಬಿಟ್ಟರೆ, ಅನುಮತಿಯಿಲ್ಲದೆ ವಿಮಾನವನ್ನಾಗಲಿ ಚೂರನ್ನಾಗಲಿ ಕದಲಿಸುವುದು ನಿಯಮಕ್ಕೆ ವಿರುದ್ಧ. ಮಕ್ಕಳು ನೆನಪಿಗೆಂದು ಎತ್ತಿಕೊಂಡ ಒಂದು ಬೋಲ್ಟು ಗಾಲಿ ಏಕೆ ಮುರಿಯಿತೆಂಬ ಪ್ರಶ್ನೆಗೆ ಉತ್ತರವಾಗಿರಬಹುದು. ಮುರಿದ ಲೋಹದ ಮುಖದಲ್ಲಿ ಹಳೆಯ ಬಿರುಕಿನ ಗೆರೆ ಮತ್ತು ಹೊಸ ಮುರಿತದ ಹೊಳಪು ಬೇರೆಬೇರೆಯಾಗಿ ಕಾಣುತ್ತವೆ, ಎರಡು ದಿನ ಜೇಬಿನಲ್ಲಿ ಉಜ್ಜಿದರೆ ಆ ಬರಹ ಅಳಿಸಿಹೋಗುತ್ತದೆ.

ನೆಲದ ಗುರುತುಗಳೂ ಹಾಗೆಯೇ. ಪ್ರೊಪೆಲರ್ ನೆಲಕ್ಕೆ ಕೊಯ್ದ ಗೀರುಗಳ ನಡುವಿನ ಅಂತರ ಅಳೆದು, ಎಂಜಿನ್ ತಿರುಗುತ್ತಿದ್ದ ವೇಗದೊಂದಿಗೆ ಲೆಕ್ಕ ಹಾಕಿ, ವಿಮಾನ ಎಷ್ಟು ವೇಗದಲ್ಲಿತ್ತೆಂದು ತನಿಖೆಯವರು ಹೇಳಬಲ್ಲರು. ಜುಲೈನ ಒಂದು ಜಡಿಮಳೆ ಸಾಕು, ಅದೆಲ್ಲ ತೊಳೆದುಹೋಗಲು. ಪೊಲೀಸರು ಒಪ್ಪಿದರೆ, ಪಕ್ಕದಲ್ಲಿ ಅಳತೆಗೊಂದು ಕತ್ತಿಯೋ ಚಪ್ಪಲಿಯೋ ಇಟ್ಟು ಫೋಟೊ ತೆಗೆದು, ಅಡಿಕೆ ಒಣಗಿಸುವ ಟಾರ್ಪಾಲನ್ನು ಗುರುತುಗಳಿಗೆ ತಾಗದಂತೆ ಗೂಟ ಹೊಡೆದು ಮೇಲೆ ಕಟ್ಟುವುದು ಮಲೆನಾಡಿನವರು ಮಾತ್ರ ಮಾಡಬಲ್ಲ ಸಹಾಯ.

ಕಂಡದ್ದನ್ನು ಬೇರೆಯವರೊಡನೆ ಚರ್ಚಿಸುವ ಮೊದಲೇ ಬರೆದಿಡಿ: ಹೊತ್ತು, ಬಂದ ದಿಕ್ಕು, ಎಂಜಿನ್ ಸದ್ದು ಒಂದೇ ಸಮನೆ ಇತ್ತೇ ಕೆಮ್ಮುತ್ತಿತ್ತೇ, ಗಾಲಿ ಎಷ್ಟು ಕಂಡವು. ವಿಡಿಯೊ ತೆಗೆದಿದ್ದರೆ ಮೂಲ ಕಡತವನ್ನು ಅಳಿಸದೆ ತನಿಖೆಗೆ ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಕುಗ್ಗಿ, ಗಾಲಿಯ ಜಾಗದಲ್ಲಿ ಬರೀ ಮಸುಕು ಉಳಿಯುತ್ತದೆ. ಗಾಯಾಳುಗಳ ಮುಖ ಯಾರಿಗೂ ಕಳಿಸಬೇಡಿ. ಅವರ ಮನೆಯವರಿಗೆ ಸುದ್ದಿ ಇನ್ನೂ ತಲುಪಿರುವುದಿಲ್ಲ.

ಜಮೀನಿನವರಿಗೆ ಕೊನೆಯದಾಗಿ ಒಂದಿಷ್ಟು. ಬೆಳೆ ಅಥವಾ ಬೇಲಿ ಹಾಳಾಗಿದ್ದರೆ, ವಿಮಾನ ಎತ್ತುವ ಮೊದಲೂ ಎತ್ತಿದ ಮೇಲೂ ಫೋಟೊ ತೆಗೆದಿಡಿ, ಏಕೆಂದರೆ ಕ್ರೇನು ಮತ್ತು ಲಾರಿ ಮಾಡುವ ಹಾನಿ ವಿಮಾನ ಮಾಡಿದ್ದಕ್ಕಿಂತ ಹೆಚ್ಚಿರುತ್ತದೆ. ಗ್ರಾಮ ಆಡಳಿತ ಅಧಿಕಾರಿಯಿಂದ ಮಹಜರು ಮಾಡಿಸಿ, ಪಹಣಿಯ ಪ್ರತಿಯೊಂದಿಗೆ ತಹಶೀಲ್ದಾರರ ಮೂಲಕ ವಿಮಾನದ ಮಾಲೀಕರಿಗೆ ಬರೆಯಿರಿ; ವಿಮಾನದ ವಿಮೆಯಲ್ಲಿ ಮೂರನೆಯವರಿಗಾದ ನಷ್ಟಕ್ಕೂ ಭಾಗವಿರುತ್ತದೆ. ಇಂಧನ ಸೇರಿದ ಕಾಲುವೆಯ ನೀರನ್ನು ದನಗಳಿಗೆ ಬಿಡಬೇಡಿ, ಅದನ್ನು ತೋಟಕ್ಕೂ ಹಾಯಿಸಬೇಡಿ. ಉಳುವ ಮೊದಲು ನಾಲ್ಕು ಜನ ಸಾಲಾಗಿ ನಿಂತು ಗದ್ದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಗಾಜಿನ ಚೂರು, ಅಲ್ಯೂಮಿನಿಯಂ ತಗಡು, ತಂತಿಯ ತುಣುಕು ಆರಿಸಿ ಒಂದು ಗೋಣಿಚೀಲಕ್ಕೆ ಹಾಕಿ, ಚೀಲವನ್ನು ಗುಜರಿಗೆ ಹಾಕದೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ.